ಒಂದು ಉದ್ದ, ಎರಡು ಗಿಡ್ಡ

ಸ್ಕೇಲ್‌ಗಿಲ್ ಕಾಡಿನ ಬಾಗಿಲಲ್ಲಿ ಒಂದು ಹಸಿರು ಫಲಕ ಇದೆ. ಮೇಲೆ ದಪ್ಪಕ್ಷರದಲ್ಲಿ ‘ನಾಯಿಗಳಿಗೆ ಸ್ವಾಗತ’ ಎಂದು ಬರೆದು, ಕೆಳಗೆ ನಾಯಿಯನ್ನು ಕರೆತಂದ ಮನುಷ್ಯರು ಏನೇನು ಮಾಡಕೂಡದು ಎಂದು ಹನ್ನೊಂದು ಸಾಲು ಬರೆದಿದ್ದಾರೆ. ಹೇಲು ಎತ್ತದೆ ಹೋಗಬೇಡಿ, ಒಲೆ ಹೊತ್ತಿಸಬೇಡಿ, ಎಳೆ ಗಿಡಗಳಿವೆ, ನೀಲಿ ಗೂಟದ ದಾರಿ ಬಿಟ್ಟು ಆಚೆ ಕಾಲಿಡಬೇಡಿ. ಅಲ್ಲಿಗೆ ಬರುವ ಜನ ಈ ಹನ್ನೊಂದನ್ನೂ ಚಾಚೂ ತಪ್ಪದೆ ಪಾಲಿಸುವವರು. ಎಂಥ ಒಳ್ಳೆಯ ಜನ! ಅವರ ಒಳ್ಳೆಯತನ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೋರೀನ್ ಟ್ಯಾಲೆಂಟೈರ್ ಆ ಕಾಡಿಗೆ ಬರತೊಡಗಿದ್ದು ಸೆಪ್ಟೆಂಬರಿನಲ್ಲಿ. ನಿಜ ಹೇಳಬೇಕೆಂದರೆ ಅವಳಿಗೆ ನಾಯಿ ಎಂದರೆ ಅಷ್ಟಕ್ಕಷ್ಟೆ. ಮೂವತ್ತೆಂಟು ವರ್ಷ ಕುರಿ ಕಾಯುವವನ ಹೆಂಡತಿಯಾಗಿ ಬಾಳಿದವಳು, ಆದರೆ ಮೊದಲ ದಿನವೇ ಲೆಕ್ಕ ಇತ್ಯರ್ಥವಾಗಿತ್ತು: ಅಡಿಗೆಮನೆ ಹೊಸ್ತಿಲಿನಿಂದ ಒಳಗೆ ಅವಳದು, ಆಚೆ ಗಂಡನದು ಮತ್ತು ನಾಯಿಯದು. ಗಂಡ ಎಡ್ವಿನ್ ಬೆಟ್ಟದ ಮೇಲೆ ನಾನೂರು ಕುರಿ ನೋಡಿಕೊಳ್ಳುತ್ತಿದ್ದ. ಅವನ ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಒಂದು ತಗಡಿನ ಸೀಟಿ. ಎರಡು ಬೆರಳಷ್ಟು ಅಗಲದ ತಗಡನ್ನು ಮಡಚಿ ನಡುವೆ ತೂತು ಕೊರೆದದ್ದು, ಅಷ್ಟೆ. ಅದನ್ನು ತುಟಿಯೊಳಗೆ ಇಟ್ಟುಕೊಂಡು ಅವನು ಊದಿದರೆ ಅರ್ಧ ಮೈಲಿ ಆಚೆ ಅವನ ನಾಯಿ ಫ್ಲಾಸ್ ಎಡಕ್ಕೆ ತಿರುಗುತ್ತಿದ್ದಳು, ಬಲಕ್ಕೆ ತಿರುಗುತ್ತಿದ್ದಳು, ಕುರಿಮಂದೆಯನ್ನು ಹಾಲು ಸುರಿದ ಹಾಗೆ ಗೇಟಿನೊಳಗೆ ಇಳಿಸುತ್ತಿದ್ದಳು.

ಯಾವ ಸಿಳ್ಳೆಗೆ ಯಾವ ಅರ್ಥ ಎಂದು ನೋರೀನ್ ಯಾವತ್ತೂ ಕೇಳಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. ಸಂಜೆ ಅಡಿಗೆಮನೆಯಲ್ಲಿ ನಿಂತಾಗ ಬೆಟ್ಟದ ಕಡೆಯಿಂದ ಒಂದು ಉದ್ದನೆಯ ಸಿಳ್ಳೆ ಕೇಳಿಸುತ್ತಿತ್ತು. ಕೇಳಿಸಿದ್ದೇ ತಡ, ಅವಳು ಟೀಗೆ ನೀರಿಡುತ್ತಿದ್ದಳು. ಹತ್ತು ನಿಮಿಷಕ್ಕೆ ಇಬ್ಬರೂ ಬಾಗಿಲಲ್ಲಿ ಹಾಜರು, ಕೆಸರು ಮೆತ್ತಿಕೊಂಡು. ಮೂವತ್ತೆಂಟು ವರ್ಷದಲ್ಲಿ ನಾಯಿಗಳು ಆರು ಬದಲಾದವು, ಸಿಳ್ಳೆ ಬದಲಾಗಲಿಲ್ಲ.

ಫ್ಲಾಸ್ ಅಂದರೆ ಎಡ್ವಿನ್‌ಗೆ ಜಂಬ. ಒಮ್ಮೆ ಬೆಟ್ಟದ ಮೇಲೆ ಮಂಜು ಕವಿದು, ಕರೆದದ್ದು ಗಾಳಿಗೆ ಹಾರಿಹೋಗಿ, ನಾಯಿಯನ್ನು ಮಲಗಿಸಿದ ಜಾಗ ಅವನಿಗೇ ಸಿಗದೆ, ತಡಕಾಡಿಕೊಂಡು ಬೇರೆ ಬದಿಯಿಂದ ಇಳಿದು ಬಂದಿದ್ದ. ಮಾರನೆಯ ಬೆಳಿಗ್ಗೆ ಹೋದರೆ ಹೇಳಿದಲ್ಲೇ ಮಲಗಿದ್ದಳಂತೆ, ಬೆನ್ನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತಂತೆ. ಇದನ್ನು ಅವನು ಪಬ್ಬಿನಲ್ಲಿ ನೂರು ಸಲ ಹೇಳಿದ್ದ. ಕೊನೆಗೆ ಹೆಂಡತಿಯ ಕಡೆ ಕಣ್ಣು ಮಿಟುಕಿಸಿ, “ನನ್ನ ಮಾತು ಕೇಳೋ ಹೆಣ್ಣು ಅಂದ್ರೆ ಭೂಮಿ ಮೇಲೆ ಇವಳೊಬ್ಬಳೇ ಕಣ್ರಪ್ಪಾ” ಅನ್ನುತ್ತಿದ್ದ. ನೋರೀನ್, “ಹಾಗಾದ್ರೆ ಇವತ್ತು ರಾತ್ರಿ ಅಡಿಗೆನೂ ಅವಳ ಹತ್ರಾನೇ ಮಾಡಿಸ್ಕೋ” ಅನ್ನುತ್ತಿದ್ದಳು.

ಜುಲೈನಲ್ಲಿ ಉಣ್ಣೆ ಕತ್ತರಿಸುವ ದಿನ ಎಡ್ವಿನ್ ಕುರಿಯೊಂದನ್ನು ಕಾಲಸಂದಿಯಲ್ಲಿ ಹಿಡಿದಂತೆಯೇ ಪಕ್ಕಕ್ಕೆ ವಾಲಿ ಬಿದ್ದ. ಲಕ್ವ. ಬಲಗೈ, ಬಲಗಾಲು ಹೋದವು. ಬಾಯಿ ಸೊಟ್ಟಗಾಯಿತು. ಮಾತೆಲ್ಲ ಹೋಗಿ ಉಳಿದದ್ದು ಒಂದೇ ಒಂದು ಪದ: “ಹೌದು.” ಹಸಿವಾ ಎಂದರೆ ಹೌದು, ಹಸಿವಿಲ್ವಾ ಎಂದರೂ ಹೌದು. ಕಿಟಕಿ ಮುಚ್ಚಲಾ ಎಂದರೆ ಹೌದು, ಮುಚ್ಚಿದರೆ ಸಿಟ್ಟಿನಿಂದ ಇನ್ನೊಂದು ಹೌದು. ಅವನನ್ನು ಎತ್ತಿ ಇಳಿಸುವುದು ನೋರೀನ್ ಕೈಲಿ ಆಗಲಿಲ್ಲ. ಆರೈಕೆ ಮನೆಗೆ ಸೇರಿಸಿದಳು. ಅಲ್ಲಿ ಅವನು ಗೋಡೆ ಕಡೆ ಮುಖ ತಿರುಗಿಸಿದ. ಚಮಚ ಹತ್ತಿರ ಬಂದರೆ ತುಟಿ ಬಿಗಿದ.

ಅಲ್ಲಿನ ಮೇಟ್ರನ್ ಗ್ಲೆಂಡಾ ಗಟ್ಟಿಗಿತ್ತಿ. “ನಾಯಿ ಇದೆ ಅಂದ್ರಲ್ಲ, ಕರ್ಕೊಂಡು ಬನ್ನಿ. ಯಾರಾದ್ರೂ ಕೇಳಿದ್ರೆ ನಾನು ನೋಡ್ಕೋತೀನಿ” ಎಂದಳು. ಮೊದಲ ಶನಿವಾರ ಫ್ಲಾಸ್ ಸೀದಾ ಹೋಗಿ ಅವನ ತೊಡೆಯ ಮೇಲೆ ಗದ್ದ ಊರಿದಳು. ಎಡ್ವಿನ್ ಎಡಗೈಯನ್ನು ಅವಳ ತಲೆಯ ಮೇಲಿಟ್ಟು ಒಂದು ಬಟ್ಟಲು ಸೂಪು ಪೂರ್ತಿ ಕುಡಿದ. ಆಮೇಲೆ ಅದೇ ಕ್ರಮವಾಯಿತು. ಶನಿವಾರದ ಆ ಒಂದು ಗಂಟೆಯ ಬಲದ ಮೇಲೆ ಅವನು ಮಂಗಳವಾರದ ತನಕ ಉಣ್ಣುತ್ತಿದ್ದ, ಬುಧವಾರದಿಂದ ಮತ್ತೆ ಗೋಡೆ. “ನನ್ನ ಮಾತ್ರೆ ಔಷಧಿ ಎಲ್ಲ ಸುಮ್ನೆ, ನೋರೀನ್. ಇವರನ್ನ ಹಿಡಿದಿಟ್ಟಿರೋದು ಆ ನಾಯಿ. ಅದಿಲ್ದೆ ಹೋದ್ರೆ ಕ್ರಿಸ್‌ಮಸ್ ತನಕಾನೂ ನಾನು ಭರವಸೆ ಕೊಡಲ್ಲ” ಎಂದು ಗ್ಲೆಂಡಾ ಮುಖಕ್ಕೇ ಹೇಳಿದ್ದಳು.

ಹಾಗಾಗಿ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವ ಕೆಲಸ ನೋರೀನ್ ಪಾಲಿಗೆ ಬಂತು. ಹನ್ನೊಂದು ವರ್ಷದ ಮುದಿ ನಾಯಿ, ಹೃದಯ ಸ್ವಲ್ಪ ಮೆತ್ತಗೆ ಎಂದು ಡಾಕ್ಟರು ಹೇಳಿದ್ದರು. ಆದರೂ ಕೆಲಸವಿಲ್ಲದೆ ಕೂತು ಅದಕ್ಕೆ ಹುಚ್ಚು ಹಿಡಿಯುವಂತಾಗಿತ್ತು. ಬೆಟ್ಟದ ಮನೆ ಬಿಟ್ಟು ಬಂದಿದ್ದ ಊರೊಳಗಿನ ಪುಟ್ಟ ಬಾಡಿಗೆ ಮನೆಯಲ್ಲಿ ಕುರ್ಚಿಗಳನ್ನೆಲ್ಲ ಸುತ್ತುಗಟ್ಟಿ ಕಾಯುತ್ತಿತ್ತು. ದಿನವೂ ಬೆಳಿಗ್ಗೆ ಸ್ಕೇಲ್‌ಗಿಲ್‌ನ ನೀಲಿ ಗೂಟದ ದಾರಿ, ಎರಡು ಮೈಲಿ, ಓಕ್ ಮತ್ತು ಬರ್ಚ್ ಮರಗಳ ನಡುವೆ.

ಅಲ್ಲಿ ಅವಳಿಗೆ ಸ್ನೇಹಿತರಾದರು. ಆ ಕಡೆ ಒಂದು ರೂಢಿ ಇದೆ: ನಾಯಿ ಅಡ್ಡಾಡಿಸುವವರು ನಾಯಿಯ ಹೆಸರು ಕೇಳುತ್ತಾರೆ, ಮನುಷ್ಯರ ಹೆಸರು ಕೇಳುವುದಿಲ್ಲ. ಹತ್ತು ವರ್ಷ ದಿನಾ ಮಾತಾಡಿದರೂ ಅಷ್ಟೆ. ಸ್ಪೇನಿಯಲ್ ನಾಯಿಯ ಜೊತೆ ಬರುವ ನಿವೃತ್ತ ಟೀಚರು ‘ಬಿಸ್ಕೆಟ್‌ನ ಅಮ್ಮ’. ಆರೂವರೆ ಅಡಿ ಎತ್ತರದ, ಅಂಗೈಯಗಲದ ಡ್ಯಾಶ್‌ಹುಂಡ್ ನಾಯಿಯ ಒಡೆಯ ‘ಆಟೋನ ಅಪ್ಪ’. ಎರಡನೆಯ ವಾರಕ್ಕೆ ನೋರೀನ್ ‘ಫ್ಲಾಸ್‌ನ ಅಮ್ಮ’ ಆದಳು. ಮಕ್ಕಳಿಲ್ಲದ ಅವಳಿಗೆ ಮೊದಲು ಅದು ಮುಳ್ಳಿನ ಹಾಗೆ ಚುಚ್ಚಿತು, ಆಮೇಲೆ ಹಿತವಾಯಿತು.

ನವೆಂಬರಿನ ಒಂದು ಗುರುವಾರ. ದಾರಿಯ ನಡುವೆ ಒಂದು ಬಯಲು, ಅಲ್ಲೊಂದು ಬೆಂಚು. ನೋರೀನ್ ಬೆಂಚಿನ ಮೇಲೆ ಕೂತು ಥರ್ಮಾಸ್ ತೆರೆದಿದ್ದಳು, ಫ್ಲಾಸ್‌ನ ಬಾರು ಬಿಚ್ಚಿತ್ತು. ಕಲ್ಲುಗೋಡೆ ಕುಸಿದ ಕಡೆಯಿಂದ ಮೂರು ಕುರಿ ಒಳಗೆ ನುಗ್ಗಿ ಬಂದವು. ಫ್ಲಾಸ್‌ನ ಮೈ ಹಗ್ಗದ ಹಾಗೆ ಬಿಗಿಯಿತು. ಒಮ್ಮೆ ನೋರೀನ್ ಕಡೆ ತಿರುಗಿ ನೋಡಿದಳು, ಅಪ್ಪಣೆ ಕೇಳುವವಳಂತೆ.

“ಏ, ಸುಮ್ನಿರು!” ಎಂದಳು ನೋರೀನ್.

ಫ್ಲಾಸ್‌ಗೆ ಅದು ಗೊತ್ತಿಲ್ಲದ ಮಾತು. ಬಲಕ್ಕೆ ದೊಡ್ಡ ಸುತ್ತು ಹಾಕಿಕೊಂಡು ಜರೀಗಿಡಗಳ ನಡುವೆ ಓಡಿದಳು, ಕುರಿಗಳು ಗೋಡೆ ಕಡೆ ಹಾರಿದವು, ಎಲ್ಲವೂ ಮರೆಯಾಯಿತು. ನೋರೀನ್ ಗಂಟಲು ಹರಿಯುವಂತೆ ಕೂಗಿದಳು. ಹತ್ತು ನಿಮಿಷ ನಿಂತಳು. ಆಮೇಲೆ ಅವಳ ಕಾಲು ನಿಲ್ಲಲಿಲ್ಲ. ಹುಡುಕುತ್ತ ಹೊರಟಳು, ಕಾರು ನಿಲ್ಲಿಸುವ ಜಾಗದ ತನಕ ಹೋದಳು, ದಾರಿಯುದ್ದಕ್ಕೂ ಸುತ್ತಿದಳು. ನಾಲ್ಕಕ್ಕೆ ಕತ್ತಲಾಗಿ, ಕಾವಲುಗಾರ ಗೇಟಿಗೆ ಬೀಗ ಹಾಕಬೇಕೆಂದ.

ಶುಕ್ರವಾರ ಬೆಳಿಗ್ಗೆ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಗೂಟಗೂಟಕ್ಕೂ ಫ್ಲಾಸ್‌ನ ಫೋಟೋ ಅಂಟಿಸಿ, ಮೂವತ್ತು ಜನ ಬಂದಿದ್ದರು. ನೋರೀನ್ ಎಡ್ವಿನ್‌ನ ಹಳೆಯ ಸ್ವೆಟರನ್ನು ಬೆಂಚಿನ ಮೇಲೆ ಬಿಟ್ಟಳು, ವಾಸನೆಗೆ ನಾಯಿ ಬರಲಿ ಎಂದು. ಅರ್ಧ ಗಂಟೆ ಬಿಟ್ಟು ನೋಡಿದರೆ ಯಾರೋ ಪುಣ್ಯಾತ್ಮರು ಅದನ್ನು ಚೊಕ್ಕವಾಗಿ ಮಡಚಿ, ಕಳೆದುಹೋದ ಸಾಮಾನಿನ ಪೆಟ್ಟಿಗೆಗೆ ಹಾಕಿದ್ದರು. ಆಟೋನ ಅಪ್ಪ ಸಾಸೇಜು ಹುರಿಯಲು ಸಣ್ಣ ಒಲೆ ತಂದಿದ್ದ. ಕಾಡೊಳಗೆ ಬೆಂಕಿ ಹಚ್ಚಕೂಡದಲ್ಲ, ಕಾರು ನಿಲ್ಲಿಸುವ ಜಾಗದಲ್ಲೇ ಹುರಿದ. ವಾಸನೆಗೆ ಆಟೋ ಒಬ್ಬನೇ ಬಂದ. ದಾರಿ ಬಿಟ್ಟು ಒಬ್ಬರೂ ಒಳಗೆ ಕಾಲಿಡಲಿಲ್ಲ, ಎಳೆ ಗಿಡಗಳಿವೆ ಎಂದು ಬರೆದಿದೆಯಲ್ಲ!

ಬಿಸ್ಕೆಟ್‌ನ ಅಮ್ಮ ಎಲ್ಲರಿಗಿಂತ ಮೊದಲು ಬಂದಿದ್ದಳು. “ಬೆಳಿಗ್ಗೆ ಏನು ತಮಾಷೆ ಅಂತೀರಾ! ಆ ಬೆಂಚಿನ ಹತ್ರ ಮೂರು ಕುರಿ ಸಾಲಾಗಿ ನಿಂತಿದ್ವು, ಬಸ್ಸಿಗೆ ಕಾಯೋರ ಥರ. ಫೋಟೋ ತೆಗ್ದೆ ನೋಡಿ.”

“ಆಮೇಲೆ?”

“ಆಮೇಲೆ ಏನು, ಶೂ ಶೂ ಅಂತ ಗೋಡೆ ಆಚೆ ಓಡ್ಸಿದೆ. ಪಾಪ, ದಾರಿ ತಪ್ಪಿದ್ವು.”

ನೋರೀನ್ ಫೋಟೋ ನೋಡಿದಳು. ಅದೇ ಮೂರು ಕುರಿ. ಏನೋ ಮನಸ್ಸಿನ ಅಂಚಿಗೆ ಬಂದು ಹಾಗೇ ಹೋಯಿತು. ಕುರಿ ಕಾಯುವವರು ಯಾರಾದರೂ ಪಕ್ಕದಲ್ಲಿದ್ದಿದ್ದರೆ ಆ ಫೋಟೋ ನೋಡಿದ ಕೂಡಲೇ ಹೇಳುತ್ತಿದ್ದರು, ಇದು ಫ್ಲಾಸ್ ತಂದು ನಿಲ್ಲಿಸಿದ್ದು, ನೀನು ನಿಂತಿದ್ದ ಜಾಗಕ್ಕೇ ತಂದಿದ್ದಾಳೆ, ಇಲ್ಲೇ ಇದ್ದಾಳೆ, ನೀನು ಬಾಯಿ ಮುಚ್ಚಿ ಕೂತುಕೋ ಎಂದು. ಗೋಡೆಯಾಚೆಯ ಹೊಲದ ಐಸಾಕ್ ಬರ್ಕೆಟ್ ಇದ್ದಿದ್ದರೆ ಸಾಕಿತ್ತು. ಅವನು ಟಗರು ಮಾರಲು ದೂರದ ಸಂತೆಗೆ ಹೋಗಿ, ಭಾನುವಾರ ಸಂಜೆ ಬರುವವನಿದ್ದ.

ನೋರೀನ್‌ಗೆ ಎಡ್ವಿನ್‌ನ ಸೀಟಿ ನೆನಪಾದದ್ದು ಆಗ. ಮನೆಗೆ ಓಡಿ, ಡ್ರಾಯರಿನಿಂದ ತಂದಳು. ಅದನ್ನು ಊದುವುದು ಸುಲಭವಲ್ಲ. ನಾಲಗೆ ಎಲ್ಲಿಡಬೇಕು, ಗಾಳಿ ಎಲ್ಲಿ ಬಿಡಬೇಕು ಎಂದು ಕಲಿಯಲು ಹುಡುಗರಿಗೆ ತಿಂಗಳು ಬೇಕು. ಕಾರಿನ ಮುಂದಿನ ಸೀಟಿನಲ್ಲಿ ಕೂತು ಕನ್ನಡಿ ನೋಡಿಕೊಂಡು ಒಂದು ಗಂಟೆ ಒದ್ದಾಡಿದಳು. ಬರೀ ಗಾಳಿ, ಬರೀ ಎಂಜಲು. ತುಟಿ ಕತ್ತರಿಸಿ ರಕ್ತ ಬಂತು. ಆಟೋನ ಅಪ್ಪ ಇಣುಕಿ, “ಬಿಡೀಮ್ಮಾ, ನನ್ನ ಹತ್ರ ಫುಟ್‌ಬಾಲ್ ರೆಫರಿ ಸೀಟಿ ಇದೆ” ಎಂದ. “ಅವಳು ರೆಫರಿ ಮಾತು ಕೇಳಲ್ಲ, ಇದೇ ಬೇಕು” ಎಂದು ಹಟ ಹಿಡಿದು ಊದಿದಳು. ಹನ್ನೊಂದರ ಹೊತ್ತಿಗೆ ಇದ್ದಕ್ಕಿದ್ದಂತೆ ಸದ್ದು ಹೊರಟಿತು. ಒಂದೇ ಸ್ವರ, ಉದ್ದಕ್ಕೆ, ನೆಟ್ಟಗೆ. ಅವಳಿಗೆ ಬಂದದ್ದು ಅದೊಂದೇ, ಬೇಕಾಗಿದ್ದದ್ದೂ ಅದೇ. ಸಂಜೆ ಅಡಿಗೆಮನೆಗೆ ಕೇಳಿಸುತ್ತಿದ್ದ ಸಿಳ್ಳೆ, ಇಬ್ಬರೂ ಮನೆಗೆ ಬರುತ್ತಿದ್ದ ಸಿಳ್ಳೆ. ಅವಳಿಗೆ ಅಳು ಬಂತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು.

ಟೀಚರು ಟೀಚರೇ. ಬಿಸ್ಕೆಟ್‌ನ ಅಮ್ಮ ವೇಳಾಪಟ್ಟಿ ಬರೆದಳು: ಕಾಲು ಗಂಟೆಗೊಮ್ಮೆ, ಬೆಂಚಿನ ಹತ್ತಿರ ನಿಂತು, ಮೂರು ಸಲ. “ಕ್ರಮ ತಪ್ಪಬಾರ್ದು ಫ್ಲಾಸ್‌ನ ಅಮ್ಮ. ನಾಯಿಗಳಿಗೆ ಕ್ರಮ ಬೇಕು.” ನೋರೀನ್ ಕ್ರಮ ತಪ್ಪಲಿಲ್ಲ. ಕತ್ತಲಾಗಿ ಗೇಟು ಹಾಕುವ ತನಕ ಊದಿದಳು.

ಅದೇ ದಿನ ಮೂರೂವರೆಗೆ ಆಟೋನ ಅಪ್ಪ ಏದುಸಿರು ಬಿಡುತ್ತ ಬಂದ. “ಬೆಂಚಿನ ಮೇಲ್ಗಡೆ ಜರೀಗಿಡದಲ್ಲಿ ಕಪ್ಪಗೆ ಏನೋ ಎದ್ದು ನಿಂತ ಹಾಗಾಯ್ತು! ಅಷ್ಟರಲ್ಲಿ ನೀವು ಊದಿದ್ರಿ ನೋಡಿ, ಫಟ್ ಅಂತ ಮಾಯ.”

“ಅವಳೇನಾ?”

“ಜಿಂಕೆನೂ ಆಗಿರ್ಬಹುದು. ಆದ್ರೆ ಊದೋದು ಮಾತ್ರ ಬಿಡಬೇಡಿ. ಕೇಳಿಸ್ತಾ ಇದೆ ಅವಳಿಗೆ, ನನ್ನ ಮನಸ್ಸು ಹೇಳ್ತಿದೆ.”

ಅವನ ಮನಸ್ಸು ಹೇಳಿದ್ದು ಸುಳ್ಳಲ್ಲ. ಕೇಳಿಸುತ್ತಿತ್ತು.

ಶನಿವಾರ ಮಧ್ಯಾಹ್ನ ನೋರೀನ್ ಆರೈಕೆ ಮನೆಗೆ ಹೋದಳು, ಕೈಯಲ್ಲಿ ಬಾರು ಇಲ್ಲದೆ. ಸುದ್ದಿ ಕೇಳಿದ್ದ ಗ್ಲೆಂಡಾ ಬಾಗಿಲಲ್ಲೇ, “ಹೇಳಬೇಡಿ, ನಾಯಿಗೆ ಜ್ವರ ಬಂದಿದೆ ಅಂತ ಸುಳ್ಳು ಹೇಳಿ” ಎಂದಳು. ಆದರೆ ಮೂವತ್ತೆಂಟು ವರ್ಷ ಸುಳ್ಳು ಹೇಳದ ಗಂಡನಿಗೆ ಈಗ ಹೇಳುವುದು ಹೇಗೆ? ಎಡ್ವಿನ್ ಅವಳ ಹಿಂದೆ, ಬಾಗಿಲಿನ ಕೆಳಭಾಗದಲ್ಲಿ, ನಾಯಿ ಬರುವ ಎತ್ತರದಲ್ಲಿ ನೋಡುತ್ತಿದ್ದ. ಅವಳು ಕುರ್ಚಿ ಎಳೆದುಕೊಂಡು ಎಲ್ಲವನ್ನೂ ಹೇಳಿದಳು. ಕುರಿ ಬಂದದ್ದು, ತಾನು ಕೂಗಿದ್ದು, ಜನ ಹುಡುಕುತ್ತಿರುವುದು. ಅವನ ಕಣ್ಣು ತುಂಬಿತು.

“ಅಳಬೇಡ ಕಣೋ. ಸಿಗ್ತಾಳೆ. ನೋಡು ನಾನೇನು ಕಲ್ತಿದೀನಿ.” ಜೇಬಿನಿಂದ ಸೀಟಿ ತೆಗೆದು, ಬಾಗಿಲು ಮುಚ್ಚಿ, ಮೆಲ್ಲಗೆ ಊದಿದಳು. ಒಂದು ಉದ್ದನೆಯ ಸಿಳ್ಳೆ. ಮಗು ಹಾಡು ಒಪ್ಪಿಸಿ ಮುಖ ನೋಡುವಂತೆ ನೋಡಿದಳು. “ಸರಿಯಾಗಿದ್ಯಾ? ನೀನು ಊದ್ತಿದ್ದದ್ದು ಇದೇ ತಾನೇ?”

ಎಡ್ವಿನ್ ಕುರ್ಚಿಯಲ್ಲಿ ಅಲುಗಿಹೋದ. “ಹೌದು” ಎಂದ. “ಹೌದು. ಹೌದು. ಹೌದು!” ಕತ್ತಿನ ನರ ಉಬ್ಬಿತು. ಎಡಗೈ ಎತ್ತಿ, ಅಂಗೈಯನ್ನು ನೆಲದ ಕಡೆಗೆ ಒತ್ತಿದ. ಮತ್ತೆ ಎತ್ತಿದ, ಮತ್ತೆ ಒತ್ತಿದ.

“ಹೂಂ ಹೂಂ, ಸಮಾಧಾನ ಮಾಡ್ಕೋತೀನಿ. ಗಾಬರಿ ಪಡಲ್ಲ. ನೀನೂ ಪಡಬೇಡ.”

“ಹೌದು!” ಎಂದು ಅವನು ಕುರ್ಚಿಯ ಕೈಯನ್ನು ಗುದ್ದಿದ. ಅಂಗೈ ನೆಲಕ್ಕೆ, ನೆಲಕ್ಕೆ, ನೆಲಕ್ಕೆ.

“ಊದ್ತಾ ಇರಬೇಕು, ಅಲ್ವಾ? ಬಿಡದೆ?”

“ಹೌದು!” ಎಂದು ಅವನು ಅಳುತ್ತಲೇ ಕಿರುಚಿದ. ನೋರೀನ್ ಅವನ ಹಣೆಗೆ ಮುತ್ತಿಟ್ಟು, ಸಂತೋಷಕ್ಕೋ ಭರವಸೆಗೋ ಅಳುತ್ತಿದ್ದಾನೆ ಎಂದುಕೊಂಡು, ಎದ್ದು ಕಾಡಿಗೆ ಓಡಿದಳು. ಅಯ್ಯೋ, ಆ ಒಂದು ಪದದ ಬದಲು ‘ಇಲ್ಲ’ ಉಳಿದಿದ್ದರೆ! ಬರೀ ‘ಇಲ್ಲ’ ಎಂಬುದೊಂದು ಉಳಿದಿದ್ದರೆ ದೇವರ ಗಂಟೇನು ಹೋಗುತ್ತಿತ್ತು?

ಶನಿವಾರ ಕತ್ತಲಾಗುವ ತನಕ ಊದಿದಳು. ಭಾನುವಾರ ಬೆಳಕು ಬಿಟ್ಟಾಗಿನಿಂದ ಊದಿದಳು. ರಾತ್ರಿ ಹಿಮ ಬಿದ್ದು ಜರೀಗಿಡದ ತುದಿಯೆಲ್ಲ ಬೆಳ್ಳಗಾಗಿತ್ತು. ಜನ ಕಡಿಮೆಯಾದರು. ಬಂದವರು ಬೆನ್ನು ಸವರಿ, ಬಿಸಿ ಟೀ ಕೊಟ್ಟು, ತಮ್ಮ ನಾಯಿಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋದರು. ಅವಳ ತುಟಿ ಊದಿಕೊಂಡಿತ್ತು. ಆದರೂ ಸ್ವರ ಮಾತ್ರ ದಿನದಿಂದ ದಿನಕ್ಕೆ ಚೊಕ್ಕವಾಗುತ್ತಿತ್ತು, ಎಡ್ವಿನ್‌ನದೇ ಎನ್ನುವ ಹಾಗೆ.

ಸೋಮವಾರ ಬೆಳಿಗ್ಗೆ ಎಂಟೂವರೆ. ನೋರೀನ್ ಒಬ್ಬಳೇ ಬೆಂಚಿನ ಹತ್ತಿರ ನಿಂತು ಎರಡನೆಯ ಸುತ್ತು ಊದಿ ಮುಗಿಸಿದ್ದಳು. ಗೋಡೆಯ ಆಚೆಯಿಂದ ಯಾರೋ ಬೈಯುವುದು ಕೇಳಿಸಿತು.

“ಯಾವ ಬೇಕೂಫ ಅದು ಊದ್ತಿರೋದು? ಕೆಲಸ ಮಾಡೋಕೆ ಬಿಡ್ತೀರೋ ಇಲ್ವೋ?”

ಐಸಾಕ್ ಬರ್ಕೆಟ್ ಕುಸಿದ ಗೋಡೆ ದಾಟಿ ಬಂದ. ಎಪ್ಪತ್ತು ದಾಟಿದ ಮುದುಕ, ಕೈಯಲ್ಲಿ ಕೋಲು, ಹಿಂದೆ ಅವನ ನಾಯಿ ಮಾಸ್. ನೋರೀನ್‌ಳನ್ನು ಕಂಡು ಟೋಪಿ ಮುಟ್ಟಿದ. ಆ ಸೀಮೆಯ ಗಂಡಸರಿಗೆ ಅರವತ್ತು ದಾಟಿದವಳೂ ಹುಡುಗಿಯೇ.

“ನೀನಾ ಹುಡುಗಿ? ಎಡ್ವಿನ್ ಎದ್ದು ಬಂದುಬಿಟ್ನೇನೋ ಅಂದ್ಕೊಂಡೆ ನಾನು. ಅದೇ ಸಿಳ್ಳೆ! ಬೆಳಿಗ್ಗೆಯಿಂದ ನನ್ನ ಮಾಸ್‌ಗೆ ಏನು ಬಂತು ಅಂತ ತಿಳೀಲಿಲ್ಲ. ಕುರಿ ಹಿಂದೆ ಎರಡು ಹೆಜ್ಜೆ ಹೋಗ್ತಾನೆ, ಬಿದ್ಕೋತಾನೆ. ಎದ್ದೇಳಿಸ್ತೀನಿ, ಬಿದ್ಕೋತಾನೆ.”

“ಫ್ಲಾಸ್ ಕಳ್ದುಹೋಗಿದಾಳೆ ಐಸಾಕ್. ಗುರುವಾರದಿಂದ. ಅವಳನ್ನ ಮನೆಗೆ ಕರೀತಾ ಇದೀನಿ.”

“ಈ ಸಿಳ್ಳೆ ಊದಿನಾ?”

“ಹೂಂ. ಎಡ್ವಿನ್ ಸಂಜೆ ಹೊತ್ತು ಊದ್ತಿದ್ನಲ್ಲ, ಇದನ್ನೇ” ಎಂದು ತೋರಿಸಲು ಊದಿದಳು.

ಮಾಸ್ ಧೊಪ್ಪೆಂದು ನೆಲಕ್ಕೆ ಬಿದ್ದ. ಹೊಟ್ಟೆ ಹಿಮದ ಮೇಲೆ, ಗದ್ದ ಮುಂಗಾಲಿನ ಮೇಲೆ, ಕಣ್ಣು ಅವಳ ಮೇಲೆ. ಉಸಿರಿನ ಹೊರತು ಏನೂ ಅಲುಗಲಿಲ್ಲ. ಮಾಸ್ ಫ್ಲಾಸ್‌ನ ಮಗ, ಎಡ್ವಿನ್ನೇ ಪಳಗಿಸಿ ಕೊಟ್ಟದ್ದು.

ಐಸಾಕ್ ನಾಯಿಯನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖದಿಂದ ಸಿಟ್ಟೆಲ್ಲ ಇಳಿದುಹೋಯಿತು.

“ಹುಡುಗಿ,” ಎಂದ ಮೆಲ್ಲಗೆ, “ಉದ್ದ ಊದಿದ್ರೆ ಬಾ ಅಂತ ಅಲ್ಲ. ಮಲಗು ಅಂತ. ನಾನು ಹೇಳೋ ತನಕ ಅಲ್ಲಾಡಬೇಡ ಅಂತ. ಸಂಜೆ ಕುರಿ ಗೇಟಿನ ಒಳಗಾದ ಮೇಲೆ ನಾಯಿನ ಮಲಗಿಸಿ ಅವನು ಗೇಟು ಕಟ್ತಿದ್ದ. ಬಾ ಅನ್ನೋದಕ್ಕೆ ಎರಡು ಗಿಡ್ಡ. ಅಷ್ಟು ಹೊತ್ತಿಗೆ ನಾಯಿ ಹತ್ರಾನೇ ಇರ್ತಿತ್ತು, ಮೆಲ್ಲಗೆ ಊದ್ತಿದ್ದ. ಮನೆ ತನಕ ಎಲ್ಲಿ ಕೇಳ್ಬೇಕು?”

ನೋರೀನ್ ತನ್ನ ಕೈಯನ್ನು ನೋಡಿಕೊಂಡಳು. ಅದು ತಾನಾಗಿಯೇ ಎದ್ದು, ಅಂಗೈ ಕೆಳಗಾಗಿ, ಗಾಳಿಯನ್ನು ನೆಲದ ಕಡೆ ಒತ್ತುತ್ತಿತ್ತು. ಎಡ್ವಿನ್‌ನ ಕೈ ಒತ್ತಿದ ಹಾಗೆಯೇ.

“ಊದು,” ಎಂದಳು. “ಎರಡು ಗಿಡ್ಡ ಊದು ಐಸಾಕ್. ಬೇಗ ಊದು.”

ಐಸಾಕ್ ಎರಡು ಬೆರಳು ಬಾಯಿಗಿಟ್ಟು ಊದಿದ. ಎರಡು ಗಿಡ್ಡ ಸಿಳ್ಳೆ. ಮಾಸ್ ಎದ್ದು ಅವನ ಕಾಲ ಬಳಿಗೆ ಓಡಿಬಂದ. ಕಾಡಿನಲ್ಲಿ ಬೇರೆ ಏನೂ ಏಳಲಿಲ್ಲ. ಮತ್ತೆ ಊದಿದ. ಆಮೇಲೆ ಕೋಲಿನಿಂದ ಜರೀಗಿಡ ಸರಿಸುತ್ತ ದಾರಿ ಬಿಟ್ಟು ಒಳಗೆ ನಡೆದ. ಎಳೆ ಗಿಡಗಳನ್ನು ತುಳಿಯುತ್ತ ನೋರೀನ್ ಹಿಂದೆ ಹೋದಳು.

ಬಹಳ ದೂರ ಹೋಗಬೇಕಾಗಲಿಲ್ಲ. ಬೆಂಚಿನಿಂದ ಮೂವತ್ತು ಹೆಜ್ಜೆ. ಎದೆಯೆತ್ತರದ ಒಣ ಜರೀಗಿಡದ ನಡುವೆ ಫ್ಲಾಸ್ ಮಲಗಿದ್ದಳು. ಹೊಟ್ಟೆ ನೆಲಕ್ಕೆ, ಗದ್ದ ಮುಂಗಾಲಿನ ಮೇಲೆ, ಮುಖ ಬೆಂಚಿನ ಕಡೆಗೆ. ಬೆನ್ನ ಮೇಲೆ ಹಿಮ. ಮೈಮೇಲೆ ಒಂದು ಗಾಯವಿಲ್ಲ, ಕಾಲಿಗೆ ಒಂದು ಮುಳ್ಳಿಲ್ಲ. ಸುತ್ತಲಿನ ಜರೀಗಿಡ ಅವಳ ಮೈಯಗಲಕ್ಕೆ ಮಾತ್ರ ಒತ್ತಿಹೋಗಿತ್ತು. ಏಳಲು ನೋಡಿದಾಗೆಲ್ಲ ಮತ್ತೆ ಅಲ್ಲೇ ಮಲಗಿದ್ದಳು. ಅಲ್ಲಿಂದ ಜರೀಗಿಡದ ಸಂದಿಯಲ್ಲಿ ಬೆಂಚು ಕಾಣುತ್ತಿತ್ತು, ಬೆಂಚಿನ ಹತ್ತಿರ ನಿಂತವರೂ ಕಾಣುತ್ತಿದ್ದರು.

ಐಸಾಕ್ ಟೋಪಿ ತೆಗೆದು ಬಗ್ಗಿ ನೋಡಿದ. “ಹಳೇ ಹೃದಯ. ಮೊದಲನೇ ರಾತ್ರಿಯ ಚಳಿಗೇ ಹೋಗಿರ್ತಾಳೆ ಹುಡುಗಿ. ಶುಕ್ರವಾರವೇ. ನಿನ್ನ ಸಿಳ್ಳೆಗೂ ಇದಕ್ಕೂ ಏನೂ ಸಂಬಂಧ ಇಲ್ಲ.”

ನೋರೀನ್ ಮಂಡಿಯೂರಿ ಕೈಯನ್ನು ನಾಯಿಯ ಹೊಟ್ಟೆಯ ಕೆಳಗೆ ತೂರಿಸಿದಳು. ಅಲ್ಲಿ ಇನ್ನೂ ಬೆಚ್ಚಗಿತ್ತು. ಅವಳು ಐಸಾಕ್‌ನ ಮುಖ ನೋಡಿದಳು, ಅವನು ಬೇರೆ ಕಡೆ ತಿರುಗಿದ. ಎಂಟೂ ಕಾಲಿನ ಸುತ್ತನ್ನು ಅವಳು ಊದದೆ ಇದ್ದಿದ್ದರೆ? ಬಹುಶಃ ಆಗಲೂ ತಡವಾಗಿತ್ತು. ಬಹುಶಃ ಆಗಿರಲಿಲ್ಲ. ಅದನ್ನು ಹೇಳುವವರು ಯಾರೂ ಇಲ್ಲ, ಮತ್ತು ಅವಳು ಬದುಕಿರುವ ತನಕ ಅದನ್ನೇ ಕೇಳಿಕೊಳ್ಳಬೇಕು.

ಐಸಾಕ್ ಕೋಟು ಬಿಚ್ಚಿ ನಾಯಿಯನ್ನು ಸುತ್ತಿ ಹೊತ್ತುಕೊಂಡ. ಕಾರು ನಿಲ್ಲಿಸುವ ಜಾಗದಲ್ಲಿ ಬಿಸ್ಕೆಟ್‌ನ ಅಮ್ಮ ಎದುರಾದಳು. ಕೋಟಿನಿಂದ ಇಳಿಬಿದ್ದ ಬಾಲ ನೋಡಿ ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ, ಫ್ಲಾಸ್‌ನ...” ಎಂದು ಶುರುಮಾಡಿ, ಮುಂದೆ ಏನೆಂದು ಕರೆಯಬೇಕೋ ತಿಳಿಯದೆ ನಿಂತುಬಿಟ್ಟಳು. ನೋರೀನ್ ತನ್ನ ಹೆಸರು ಹೇಳಲಿಲ್ಲ.

ಮಧ್ಯಾಹ್ನ ಆರೈಕೆ ಮನೆಯ ಬಾಗಿಲಲ್ಲಿ ಗ್ಲೆಂಡಾ, “ಶನಿವಾರದಿಂದ ಒಂದು ತೊಟ್ಟು ಇಳಿದಿಲ್ಲ ನೋರೀನ್. ನೀವಾದ್ರೂ...” ಎಂದವಳು ಅವಳ ಮುಖ ನೋಡಿ ದಾರಿ ಬಿಟ್ಟಳು.

ಎಡ್ವಿನ್ ಈ ಸಲ ಗೋಡೆ ಕಡೆಯಿಂದ ತಿರುಗಿ ಅವಳ ಕಣ್ಣನ್ನೇ ನೋಡಿದ, ಬಾಗಿಲಿನ ಕೆಳಭಾಗವನ್ನಲ್ಲ. ಅವನಿಗೆ ಶನಿವಾರವೇ ಗೊತ್ತಿತ್ತು. ಆರೈಕೆ ಮನೆಯ ಕುರ್ಚಿಯಲ್ಲಿ ಕೂತು, ನಾಲ್ಕು ಮೈಲಿ ಆಚೆ ತನ್ನ ಹೆಂಡತಿ ಕಾಲು ಗಂಟೆಗೊಮ್ಮೆ ಏನು ಮಾಡುತ್ತಿದ್ದಾಳೆ ಎಂದು ಎರಡು ದಿನ ಗೊತ್ತಿತ್ತು.

“ಮಲಗು ಅಂತ ಹೇಳ್ತಿದ್ದೆ ಅಲ್ವಾ ನೀನು,” ಎಂದಳು. “‘ಮಲಗು ಅಂತ ಊದ್ತಿದೀಯ ಕಣೇ, ನಿಲ್ಸು’ ಅಂತ. ನಾನು ನಿನ್ನ ಕೈ ನೋಡ್ಲಿಲ್ಲ ಎಡ್ವಿನ್. ಬಾಯಿ ಮಾತ್ರ ಕೇಳ್ದೆ.”

“ಹೌದು” ಎಂದ.

“ನಾನೇ ಕೊಂದೆ ಅಲ್ವಾ?”

“ಹೌದು.”

ಅದು ಹೌದೋ, ಅಲ್ಲವೋ, ಬಿಡು ಎಂದೋ, ಬೈಗುಳವೋ, ಅವಳಿಗೆ ತಿಳಿಯಲಿಲ್ಲ. ಇನ್ನು ಯಾವತ್ತೂ ತಿಳಿಯುವುದಿಲ್ಲ. ಜೇಬಿನಿಂದ ಸೀಟಿ ತೆಗೆದು, ಇದನ್ನು ಇಟ್ಟುಕೊಳ್ಳುವ ಹಕ್ಕು ತನಗಿಲ್ಲ ಎಂಬಂತೆ ಅವನ ತೊಡೆಯ ಮೇಲೆ, ಫ್ಲಾಸ್ ಗದ್ದ ಇಡುತ್ತಿದ್ದ ಜಾಗದಲ್ಲಿ ಇಟ್ಟಳು.

ಎಡ್ವಿನ್ ಅದನ್ನು ಎಡಗೈಯಿಂದ ಎತ್ತಿ, ಬಹಳ ಹೊತ್ತು ತಡಕಾಡಿ, ತುಟಿಯೊಳಗೆ ಸಿಕ್ಕಿಸಿಕೊಂಡ. ಊದಿದ. ಸೊಟ್ಟ ಬಾಯಿಯ ಬದಿಯಿಂದ ಗಾಳಿ ಸೋರಿತು. ನಿಲ್ಲಿಸಿ ಇನ್ನೊಮ್ಮೆ ಊದಿದ. ಸದ್ದಿಲ್ಲ, ಬರೀ ಉಸಿರು. ಎರಡು ಸಲ, ಎರಡೂ ಗಿಡ್ಡ. ನೋರೀನ್ ಕರವಸ್ತ್ರದಿಂದ ಅವನ ಗಲ್ಲಕ್ಕಿಳಿದ ಎಂಜಲು ಒರೆಸಿದಳು. ಅವನು ಬಾಗಿಲಿನ ಕೆಳಭಾಗವನ್ನು ನೋಡುತ್ತ ಮತ್ತೆ ಎರಡು ಸಲ ಊದಿದ.